ಬೀಳುವ ನೀರಿಗೂ ಒಂದು ಪಾಲು

ನಮ್ಮ ವಿಜಯಪುರ ಜಿಲ್ಲೆಯ ಚಡಚಣದ ಕಡೆ ಹರಿದು ಹೋಗುವ ನೀರು ಕಂಡರೆ ಬಾಯಿಗೆ ಮೊದಲು ಬರುವ ಮಾತು 'ಹಾಳಾಗಿ ಹೊಂಟಾವ' ಎಂಬುದು. ಬೀದಿಯ ನಲ್ಲಿ ಸೋರಿದರೂ ಅದೇ ಮಾತು, ಅಡ್ಡಮಳೆಗೆ ಹಳ್ಳ ಬಂದರೂ ಅದೇ ಮಾತು. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ, ಸಿಯಾಟಲ್ ನಗರದ ಪೂರ್ವಕ್ಕಿರುವ ಸ್ನೊಕ್ವಾಲ್ಮಿ ಜಲಪಾತದ ಮುಂದೆ ನಿಂತು ನನ್ನ ಹೆಂಡತಿ ಅಂದದ್ದೂ ಅದನ್ನೇ: 'ರೀ, ಇಷ್ಟೂ ನೀರು ಹಾಳಾಗಿ ಹೊಂಟಾವಲ್ಲರೀ!' ಮಗಳು, ಅಳಿಯ ನಕ್ಕರು. ನಾನು ನಗಲಿಲ್ಲ. ನನ್ನ ಮನಸ್ಸಿನಲ್ಲಿದ್ದ ಮಾತನ್ನೇ ಆಕೆ ಒಂದು ಗಳಿಗೆ ಮುಂಚೆ ಆಡಿದ್ದಳು, ಅಷ್ಟೇ.

ಆ ಮಾತು ತಪ್ಪು ಎಂದು ಈಗ ನನಗನ್ನಿಸಿದೆ. ಹಾಗೆ ಅನ್ನಿಸಲು ಒಂದು ಕಿಲೋಮೀಟರಿನಷ್ಟು ಇಳಿಜಾರು ನಡೆಯಬೇಕಾಯಿತು, ಆಮೇಲೆ ಊರಿಗೆ ಬಂದು ಒಂದಷ್ಟು ದಿನ ಕಾಗದದ ಮೇಲೆ ಲೆಕ್ಕ ಹಾಕಬೇಕಾಯಿತು. ತಪ್ಪು ಅನ್ನುವ ಮೊದಲು ಆ ಮಾತು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ಇಲ್ಲವಾದರೆ ಹೊರದೇಶ ನೋಡಿ ಬಂದವನ ಬಡಾಯಿಯಾದೀತು.

ಆ ದಿನ ಬೆಳಗ್ಗೆ ಊರಿನಿಂದ ತಮ್ಮನ ಫೋನ್ ಬಂದಿತ್ತು. ಭೀಮೆಗೆ ಉಜನಿಯಿಂದ ನೀರು ಬಿಟ್ಟಿದ್ದಾರೆ ಎಂಬ ಸುದ್ದಿ. ಉಜನಿ ಎಂದರೆ ಸೊಲ್ಲಾಪುರ ಜಿಲ್ಲೆಯಲ್ಲಿ ಭೀಮೆಗೆ ಅಡ್ಡ ಕಟ್ಟಿದ ಜಲಾಶಯ. 1980ರ ಹೊತ್ತಿಗೆ ಮುಗಿದದ್ದು, ತುಂಬಿದರೆ 117 ಟಿಎಂಸಿ. ಬೇಸಿಗೆಯಲ್ಲಿ ಅಲ್ಲಿಂದ ನದಿಯ ಪಾತ್ರದಲ್ಲೇ ನೀರು ಬಿಡುತ್ತಾರೆ. ಅದು ಪಂಢರಪುರ ದಾಟಿ, ನಮ್ಮ ದಂಡೆಗೆ ಎದುರಾಗಿರುವ ಔಜ್ ಬಂಧಾರ ತಲುಪಬೇಕು. ಸೊಲ್ಲಾಪುರ ಶಹರದ ಕುಡಿಯುವ ನೀರು ಅದು. ದಾರಿಯಲ್ಲಿ ರೈತರು ಎತ್ತಿಕೊಂಡುಬಿಡುತ್ತಾರೆಂದು ದಂಡೆಯ ಪಂಪ್‌ಸೆಟ್‌ಗಳ ಕರೆಂಟ್ ಕಡಿಯುವುದೂ ಉಂಟು. 'ಹೊಳಿಗಿ ನೀರು ಬಂದಾವ, ಮೋಟರ್ ಹಚ್ಚಾಕ ಕರೆಂಟ್ ಇಲ್ಲ ನೋಡು' ಎಂದ ತಮ್ಮ. ಕಣ್ಣೆದುರೇ ಹೊಳೆ ಹರಿಯುತ್ತಿದೆ, ಹಿಂದೆ ನಿಂಬೆ ಗಿಡದ ಎಲೆ ಮುದುಡುತ್ತಿದೆ. ಬೇಸಿಗೆಯ ಭೀಮೆಯನ್ನು ನದಿ ಎನ್ನುವುದು ರೂಢಿಗಷ್ಟೇ. ಅದು ಬೇರೆ ಊರಿಗೆ ಹೋಗುವ ತೆರೆದ ಕೊಳವೆ.

ಇಂಡಿ, ಚಡಚಣ, ಸಿಂದಗಿ ಸೀಮೆಯಲ್ಲಿ ಬರ ಬಿದ್ದ ವರ್ಷ ಟ್ಯಾಂಕರಿನಲ್ಲಿ ನೀರು ತಂದು ನಿಂಬೆ, ದ್ರಾಕ್ಷಿ, ದಾಳಿಂಬೆ ಗಿಡಗಳ ಬುಡಕ್ಕೆ ಹನಿಸಿದವರಿದ್ದಾರೆ. ಮಳೆ ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸು, ಅದೂ ಬಂದರೆ. 'ಡೋಣಿ ಹರಿದರೆ ಓಣಿಯೆಲ್ಲ ಕಾಳು' ಎಂದು ನಮ್ಮ ಜಿಲ್ಲೆಯ ಒಂದು ನದಿಯ ಮೇಲೆ ಗಾದೆಯಿದೆಯಲ್ಲ, ಅದರಲ್ಲಿ ಹರಿಯುವ ನೀರನ್ನು ಅಳೆದಿರುವುದು ಕಾಳಿನಿಂದಲೇ. ಇಂಥ ನೆಲದಲ್ಲಿ ಹುಟ್ಟಿದವರು ನೀರು ನೋಡಿ ಮೊದಲು ಲೆಕ್ಕ ಹಾಕಿದರೆ ಅದರಲ್ಲಿ ನಾಚಿಕೆಯದೇನೂ ಇಲ್ಲ. ಸೌಂದರ್ಯ ಗೊತ್ತಿಲ್ಲದವರು ಎಂದು ಯಾರಾದರೂ ಮೂಗು ಮುರಿದರೆ ಅವರ ಮನೆಯ ನಲ್ಲಿಯಲ್ಲಿ ಇಪ್ಪತ್ನಾಲ್ಕು ತಾಸೂ ನೀರು ಬರುತ್ತದೆ ಎಂದು ತಿಳಿದುಕೊಳ್ಳಬಹುದು.

ಇನ್ನು ಆ ನಡಿಗೆ. ಸ್ನೊಕ್ವಾಲ್ಮಿಯಲ್ಲಿ ಕಾರು ನಿಲ್ಲಿಸಿ ರಸ್ತೆಯ ಮೇಲಿನ ಕಾಲ್ಸೇತುವೆ ದಾಟಿದರೆ ಸಾಕು, ಜಲಪಾತ ಕಣ್ಣೆದುರಿಗೇ ಬರುತ್ತದೆ. 268 ಅಡಿ, ಎಂದರೆ ನಮ್ಮ ಜೋಗದ ಮೂರನೆಯ ಒಂದು ಭಾಗದಷ್ಟು ಎತ್ತರ. ಹೆಚ್ಚಿನವರು ಅಲ್ಲೇ ಫೋಟೊ ತೆಗೆದುಕೊಂಡು ತಿರುಗುತ್ತಾರೆ. ಮೊಮ್ಮಗ ಹಟ ಹಿಡಿದದ್ದರಿಂದ ನಾವು ಕೆಳಗೆ ಇಳಿದೆವು. ಕಾಡಿನೊಳಗಿನ ಕಾಲುದಾರಿ, ಮುಕ್ಕಾಲು ಮೈಲಿಗಿಂತ ತುಸು ಕಡಿಮೆ. ಇಳಿಯುವುದು ಸಲೀಸು, ಹತ್ತುವಾಗ ಮೊಣಕಾಲು ಮಾತಾಡುತ್ತವೆ. ಜರಿಗಿಡ, ಪಾಚಿ, ಮುಗಿಲು ಮುಟ್ಟುವ ಫರ್ ಮರಗಳು. ನಮ್ಮೂರಲ್ಲಿ ಪಾಚಿ ಕಾಣಬೇಕಾದರೆ ಬಾವಿಯೊಳಗೆ ಇಣುಕಬೇಕು, ಇಲ್ಲಿ ಮರದ ಟೊಂಗೆಗಳಿಗೂ ಕಂಬಳಿ ಹೊದಿಸಿದಂತೆ ಹಬ್ಬಿದೆ. ಹೆಂಡತಿ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಮರೆಯಲ್ಲಿದ್ದ ಜಲಪಾತದ ಸದ್ದು ಮಾತ್ರ ನಮ್ಮ ಜೊತೆಗೇ ಇಳಿಯುತ್ತಿತ್ತು.

ದಾರಿ ಮುಗಿಯುವಲ್ಲಿ ನಾನು ಎಣಿಸಿರದ ಒಂದು ನೋಟ ಎದುರಾಯಿತು. ಆಳೆತ್ತರ ಮೀರಿದ ಉಕ್ಕಿನ ಕೊಳವೆಗಳು ಗುಡ್ಡದಿಂದ ಇಳಿದು ಬಂದು ವಿದ್ಯುದಾಗಾರದೊಳಗೆ ಸೇರುತ್ತವೆ. ಅದರ ಮಗ್ಗುಲಲ್ಲೇ ಕಟಕಟೆ ಹಾಕಿದ ಹಲಗೆಯ ದಾರಿ. ಅದರ ಮೇಲೆ ಹೆಜ್ಜೆ ಹಾಕಿ ತಿರುವಿನಲ್ಲಿ ನಿಂತರೆ ಮತ್ತೆ ಜಲಪಾತ, ಈ ಸಲ ಕೆಳಗಿನಿಂದ. ಒಂದೇ ನದಿ ಎರಡು ಪಾಲಾಗಿ ಒಂದು ಕೊಳವೆಯಲ್ಲಿ, ಒಂದು ಬಯಲಲ್ಲಿ ಇಳಿಯುತ್ತಿತ್ತು. ಆ ತುಂತುರು ಮುಖಕ್ಕೆ ಬಡಿಯುತ್ತಿದ್ದಂತೆಯೇ ಹೆಂಡತಿ ಆ ಮಾತು ಆಡಿದ್ದು.

ನನ್ನ ಪಕ್ಕ ನಿಂತಿದ್ದ ಮೊಮ್ಮಗ ಕೇಳಿದ: 'ಎಲ್ಲಾ ನೀರೂ ಪೈಪಿನಾಗ ಯಾಕ ಹಾಕಿಲ್ಲ, ಅಜ್ಜಾ?' ಉತ್ತರ ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನಿಗೆ ಇದು ಚುರುಕ್ಕೆಂದಿತು. ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಸಿಕ್ಕ ಸಂಗತಿಗಳೇ ಈ ಬರಹದ ಬಂಡವಾಳ.

ಸ್ನೊಕ್ವಾಲ್ಮಿಯಲ್ಲಿ ಮೊದಲ ವಿದ್ಯುದಾಗಾರ ಶುರುವಾದದ್ದು 1899ರಲ್ಲಿ. ಜಲಪಾತದ ಬಂಡೆಯನ್ನೇ ಕೊರೆದು, ನೆಲದೊಳಗೆ ಗುಹೆ ಮಾಡಿ ಟರ್ಬೈನುಗಳನ್ನು ಇಟ್ಟರು. ಪೂರ್ತಿಯಾಗಿ ನೆಲದಡಿ ಕಟ್ಟಿದ ಜಲವಿದ್ಯುದಾಗಾರಗಳಲ್ಲಿ ಜಗತ್ತಿಗೇ ಮೊದಲನೆಯದು ಎಂಬ ಹೆಸರು ಅದಕ್ಕಿದೆ. ಮೂರೇ ವರ್ಷದ ನಂತರ, 1902ರಲ್ಲಿ, ಇತ್ತ ಮೈಸೂರು ಸೀಮೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ ಒಯ್ದರು. ನಮ್ಮ ಗೋಕಾಕ ಇನ್ನೂ ಹಿಂದಿನದು. ಘಟಪ್ರಭೆ ಧುಮುಕುವಲ್ಲಿ ಹತ್ತಿ ಗಿರಣಿಗಾಗಿ 1887ರಲ್ಲೇ ನೀರಿನ ಶಕ್ತಿ ದುಡಿಯಲು ಹಿಡಿದಿತ್ತು. ನೀರನ್ನು ದುಡಿಸುವುದರಲ್ಲಿ ನಾವು ಅವರಿಗಿಂತ ಹಿಂದೆ ಬಿದ್ದವರಲ್ಲ. ಎರಡು ಕಡೆಯ ದಾರಿ ಬೇರೆಯಾದದ್ದು ಆಮೇಲೆ.

ಅಮೆರಿಕದ ಆ ಜಲಪಾತ ಸ್ನೊಕ್ವಾಲ್ಮಿ ಎಂಬ ಮೂಲನಿವಾಸಿ ಜನರಿಗೆ ಪವಿತ್ರ ಸ್ಥಳ. ಬೀಳುವ ನೀರಿನಿಂದ ಮೇಲೇಳುವ ಮಂಜು ತಮ್ಮ ಪ್ರಾರ್ಥನೆಯನ್ನು ಮುಗಿಲಿಗೆ ಮುಟ್ಟಿಸುತ್ತದೆ ಎಂಬುದು ಅವರ ನಂಬಿಕೆ. ಅಲ್ಲಿ ಜಲವಿದ್ಯುತ್ ಕಂಪನಿಗಳು ಕಾಲಕಾಲಕ್ಕೆ ಸರ್ಕಾರದಿಂದ ಪರವಾನಗಿ ಹೊಸದು ಮಾಡಿಸಿಕೊಳ್ಳಬೇಕು. ಸ್ನೊಕ್ವಾಲ್ಮಿಯ ಪರವಾನಗಿ 2004ರಲ್ಲಿ ನಲವತ್ತು ವರ್ಷಕ್ಕೆ ಹೊಸದಾಯಿತು. ಎಷ್ಟು ನೀರು ಕೊಳವೆಗೆ ಹೋದರೂ ಇಷ್ಟು ನೀರು ಜಲಪಾತಕ್ಕೆ ಬೀಳಲೇಬೇಕು ಎಂಬ ಷರತ್ತು ಅದರಲ್ಲಿತ್ತು. ಆ ಪ್ರಮಾಣ ಸಾಲದು, ಮಂಜು ಏಳುವುದಿಲ್ಲ ಎಂದು ಮೂಲನಿವಾಸಿಗಳು ತಕರಾರು ತೆಗೆದರು. ಮರುವರ್ಷ, ಪರವಾನಗಿ ಕೊಡುವ ಸರ್ಕಾರಿ ಆಯೋಗ ಮೇ ಮತ್ತು ಜೂನ್ ತಿಂಗಳ ಕನಿಷ್ಠ ಹರಿವನ್ನು 1000 ಕ್ಯೂಸೆಕ್‌ಗೆ ಏರಿಸಿತು. ಕಂಪನಿಯೂ ಮೂಲನಿವಾಸಿಗಳೂ ತಂತಮ್ಮ ಕಾರಣಕ್ಕೆ ಕೋರ್ಟಿಗೆ ಹೋದರು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಆಯೋಗದ ನಿರ್ಧಾರವನ್ನೇ ಎತ್ತಿಹಿಡಿಯಿತು.

ಒಂದು ಜನಾಂಗದ ಪ್ರಾರ್ಥನೆಗೆ ಮಂಜು ಏಳಬೇಕು ಎಂಬ ಕಾರಣಕ್ಕೆ ಇಷ್ಟು ಕ್ಯೂಸೆಕ್ ಎಂದು ಅಂಕಿ ಬರೆದು ಕೊಟ್ಟ ಸರ್ಕಾರಿ ಆದೇಶವಿದು. ನಾವು ಹೋದದ್ದು ಮೇ ತಿಂಗಳು. ನಮ್ಮ ಮುಖ ತೋಯಿಸಿದ ತುಂತುರು ಪ್ರಕೃತಿಯ ಕೊಡುಗೆ ಎಂದು ನಾನು ತಿಳಿದಿದ್ದೆ. ಅರ್ಧ ಮಾತ್ರ ನಿಜ. ಉಳಿದರ್ಧ ಜನ ವಾದ ಮಾಡಿ, ಕಾಗದದ ಮೇಲೆ ಬರೆಸಿಕೊಂಡು ಪಡೆದ ಪಾಲು. ನಯಾಗರದ ಕತೆಯೂ ಇದೇ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಅಮೆರಿಕ ಮತ್ತು ಕೆನಡಾ 1950ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಪ್ರವಾಸದ ಋತುವಿನ ಹಗಲು ಹೊತ್ತಿನಲ್ಲಿ ಒಂದು ಲಕ್ಷ ಕ್ಯೂಸೆಕ್ ನೀರು ಜಲಪಾತದ ಮೇಲೆ ಬೀಳಲೇಬೇಕು. ರಾತ್ರಿಗೂ ಚಳಿಗಾಲಕ್ಕೂ ಅದರ ಅರ್ಧ ಸಾಕು, ಮಿಕ್ಕದ್ದು ಎರಡೂ ದೇಶಗಳ ವಿದ್ಯುತ್ತಿಗೆ. ಎರಡು ದೇಶಗಳ ಸರ್ಕಾರಗಳು ಕೂತು ಗಡಿಯಾರ ಮುಂದಿಟ್ಟುಕೊಂಡು ಜಲಪಾತದ ಹೊತ್ತು ಗೊತ್ತುಮಾಡಿದವು! ಮೊದಲು ಓದಿದಾಗ ನನಗೂ ತಮಾಷೆ ಅನಿಸಿತು. ಆಮೇಲೆ ಜೋಗ ನೆನಪಾಗಿ ತಮಾಷೆ ಇಳಿಯಿತು.

ಜೋಗದ ಎತ್ತರ 253 ಮೀಟರ್, 830 ಅಡಿ. ನನ್ನ ಕ್ಲಾಸಿನಲ್ಲಿ ಈ ಅಂಕಿಯನ್ನು ಬಾಯಿಪಾಠ ಹೇಳದೆ ಪಾರಾದ ಹುಡುಗನಿಲ್ಲ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಹೆಸರೂ ಅಷ್ಟೇ. ವಿಶ್ವೇಶ್ವರಯ್ಯನವರು ಜೋಗ ಕಂಡು, ಎಷ್ಟೊಂದು ಶಕ್ತಿ ಪೋಲಾಗುತ್ತಿದೆ ಎಂದು ಮರುಗಿದರಂತೆ ಎಂಬ ಕತೆಯನ್ನೂ ಪಾಠದ ಕೊನೆಗೆ ಸೇರಿಸುತ್ತಿದ್ದೆ. ಎಲ್ಲ ಮೇಷ್ಟ್ರುಗಳೂ ಸೇರಿಸುತ್ತಿದ್ದರು. ಕತೆ ನಿಜವಿರಲಿ ಬಿಡಲಿ, ಮೂರು ತಲೆಮಾರಿನ ಕನ್ನಡಿಗರು ಅದನ್ನು ನಂಬಿ ಬೆಳೆದಿದ್ದಾರೆ. ನನ್ನ ಹೆಂಡತಿಯ 'ಹಾಳಾಗಿ ಹೊಂಟಾವ' ಎಂಬ ಮಾತಿನಲ್ಲಿ ಬರ ಎಷ್ಟಿತ್ತೋ ನನ್ನಂಥವರ ಪಾಠವೂ ಅಷ್ಟೇ ಇತ್ತು.

1948ರಲ್ಲಿ ಜೋಗದ ಬುಡದಲ್ಲಿ ವಿದ್ಯುದಾಗಾರ ನಡೆಯತೊಡಗಿತು. 1964ರಲ್ಲಿ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಬಂತು, 151 ಟಿಎಂಸಿಯದು. ನೀರು ಜಲಪಾತದ ದಾರಿ ಬಿಟ್ಟು ತಳಕಳಲೆಯ ಮೂಲಕ 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರಕ್ಕೆ ಹೊರಳಿತು. ಆ ವಿದ್ಯುತ್ತಿನಿಂದ ಕರ್ನಾಟಕ ಬೆಳೆದದ್ದನ್ನು ಅಲ್ಲಗಳೆದರೆ ಅದು ಕೃತಘ್ನತೆ. ಚಡಚಣದ ನನ್ನ ಓದುಗೋಣೆಯ ಬಲ್ಬಿನಲ್ಲೂ ಶರಾವತಿಯ ಒಂದು ಹನಿ ಉರಿದಿದ್ದೀತು. ಆದರೆ ಆ ಹಂಚಿಕೆಯಲ್ಲಿ ಜಲಪಾತಕ್ಕೆ ಇಂತಿಷ್ಟು ಎಂದು ಬರೆದ ಒಂದು ಸಾಲನ್ನು ಜೋಗಕ್ಕೆ ಹೋದ ಪ್ರವಾಸಿ ಎಲ್ಲೂ ಕಾಣುವುದಿಲ್ಲ. ಮಳೆಗಾಲ ಚೆನ್ನಾಗಿ ಆಗಿ ಡ್ಯಾಂ ತುಂಬಿ ಗೇಟು ತೆರೆದರೆ ಜೋಗ ಉಂಟು, ಇಲ್ಲವಾದರೆ ಕರಿಬಂಡೆ. ಗೋಕಾಕದ್ದೂ ಅದೇ ಪಾಡು. ಮೇಲೆ ಬ್ರಿಟಿಷರ ಕಾಲದ ಧೂಪದಾಳ ಒಡ್ಡು, ಅದರ ಮೇಲೆ ಹಿಡಕಲ್ ಅಣೆಕಟ್ಟು. ಶಾಲೆಯ ಮಕ್ಕಳನ್ನು ನಾನು ಪ್ರತಿ ಸಲ ಆಗಸ್ಟಿನಲ್ಲೇ ಗೋಕಾಕಕ್ಕೆ ಕರೆದೊಯ್ಯುತ್ತಿದ್ದೆ. ಒಂದು ವರ್ಷ ಪರೀಕ್ಷೆಯ ಗಡಿಬಿಡಿಯಲ್ಲಿ ಪ್ರವಾಸ ಜನವರಿಗೆ ಹೋಯಿತು. ತೂಗುಸೇತುವೆಯ ಮೇಲೆ ನಿಂತ ಹುಡುಗನೊಬ್ಬ 'ಸರ, ಫಾಲ್ಸ್ ಎಲ್ಲೈತ್ರೀ?' ಎಂದು ಕೇಳಿದ. ಅವನು ನಿಂತದ್ದು ಅದರ ಮುಂದೆಯೇ.

ಪ್ರಯೋಜನವಿಲ್ಲದ್ದೆಲ್ಲ ಪೋಲು ಎಂಬ ಈ ವಾದವನ್ನು ನಮ್ಮ ನೆಲದವರೇ ಒಮ್ಮೆ ಮುರಿದಿದ್ದಾರೆ. ಚಡಚಣದ ಮಗ್ಗುಲಲ್ಲೇ ಇರುವ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಹೆಂಗಸರು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ಹಾಡುಗಳನ್ನು ಕೂಡಿಹಾಕಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ಅದಕ್ಕೂ ಮೊದಲು ನಸುಕಿನಲ್ಲಿ ಬೀಸುವ ಕಲ್ಲಿನ ಬಳಿ ಲೆಕ್ಕಕ್ಕೆ ಬರುತ್ತಿದ್ದದ್ದು ಹಿಟ್ಟೊಂದೇ. ಎಷ್ಟು ಸೇರು ಜೋಳ ಹಾಕಿದೆ, ಎಷ್ಟು ಹಿಟ್ಟು ಬಂತು. ಹಾಡು ಕಲ್ಲಿನ ಸಂದಿಯಿಂದ ಸೋರಿ ಹೋಗುತ್ತಿದ್ದ ದನಿ, ಅಷ್ಟೇ. ಈಗ ಆ ಹಿಟ್ಟು ತಿಂದವರಾಗಲಿ, ಆ ಕಲ್ಲಾಗಲಿ ಇಲ್ಲ, ಓಣಿಗೊಂದು ಹಿಟ್ಟಿನ ಗಿರಣಿ ಬಂದು ಎಷ್ಟೋ ಕಾಲವಾಯಿತು. ಉಳಿದದ್ದು ಹಾಡು. ಹಲಸಂಗಿಯವರು ಹಿಟ್ಟು ಬೇಡ ಎನ್ನಲಿಲ್ಲ, ಬೀಸುವುದನ್ನು ನಿಲ್ಲಿಸಿ ಎಂದೂ ಹೇಳಲಿಲ್ಲ. ಹಾಡನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಜಲಪಾತದ ವಿಷಯದಲ್ಲಿ ನಾನು ಕೇಳುತ್ತಿರುವುದೂ ಇಷ್ಟನ್ನೇ.

ಇದಕ್ಕೆ ಎದುರುವಾದ ಏನೆಂದು ನನಗೆ ಗೊತ್ತು, ನನ್ನ ತಮ್ಮನೇ ಅದನ್ನು ಒಡ್ಡಿದ. 'ಕುಡಿಯಾಕ ನೀರಿಲ್ಲ, ನಿನಗ ನೋಡಾಕ ನೀರು ಬೇಕೇನೋ ಅಣ್ಣಾ?' ಗಟ್ಟಿ ಪ್ರಶ್ನೆ. ಮೊದಲನೆಯದಾಗಿ, ಬಾಯಾರಿದವನ ಬಾಯಿಂದ ಕಸಿದು ಬಂಡೆಯ ಮೇಲೆ ಸುರಿಯಿರಿ ಎಂದು ಯಾರೂ ಕೇಳುತ್ತಿಲ್ಲ. ಕುಡಿಯುವ ನೀರಿಗೆ ಮೊದಲ ಮಣೆ, ಅದರಲ್ಲಿ ತಕರಾರಿಲ್ಲ. ಎರಡನೆಯದಾಗಿ, ಕೇಳುತ್ತಿರುವುದು ಎಷ್ಟು? ಜೋಗವನ್ನೇ ತೆಗೆದುಕೊಳ್ಳೋಣ. ಮಳೆಗಾಲ ಬಿಟ್ಟು ಉಳಿದ 240 ದಿನ, ಹಗಲು ಹತ್ತು ತಾಸು ಮಾತ್ರ, 200 ಕ್ಯೂಸೆಕ್ ನೀರು ಬಿಟ್ಟರು ಎನ್ನಿ. ಒಂದು ದಿನಕ್ಕೆ 72 ಲಕ್ಷ ಘನ ಅಡಿ, 240 ದಿನಕ್ಕೆ 1.73 ಟಿಎಂಸಿಯಷ್ಟು. ಲಿಂಗನಮಕ್ಕಿಯ 151ರಲ್ಲಿ ನೂರಕ್ಕೆ ಒಂದೂಕಾಲನ್ನೂ ಇದು ಮುಟ್ಟುವುದಿಲ್ಲ. ಹಾಗೆ ಬಿದ್ದ ನೀರು ಸಮುದ್ರಕ್ಕೆ ಓಡಿಬಿಡುವುದೂ ಇಲ್ಲ, ಕೆಳಗೆ ಗೇರುಸೊಪ್ಪೆಯ ಅಣೆಕಟ್ಟಿನಲ್ಲಿ ನಿಂತು ಅಲ್ಲಿ ಮತ್ತೆ ವಿದ್ಯುತ್ ಕೊಡುತ್ತದೆ. 200 ಕ್ಯೂಸೆಕ್‌ಗೆ ಜೋಗ ಆಷಾಢದ ಜೋಗವಾಗದು, ತೆಳ್ಳಗಿನ ಒಂದು ಧಾರೆಯಾದೀತು. ಆದರೂ ಬಂಡೆಗಿಂತ ವಾಸಿ. ನನ್ನ ಅಂಕಿ ಹೆಚ್ಚೆನಿಸಿದರೆ ನೂರು ಮಾಡಿ, ಬರದ ವರ್ಷ ಸೊನ್ನೆ ಮಾಡಿ. ಅಂಕಿ ಯಾವುದೆಂಬುದು ಎಂಜಿನಿಯರರಿಗೆ ಬಿಟ್ಟ ವಿಷಯ. ಒಂದು ಅಂಕಿ ಇರಬೇಕು ಎಂಬುದಷ್ಟೇ ನನ್ನ ಹಟ.

ಅಂಕಿಯಿಲ್ಲದಿದ್ದಾಗ ಏನೇನು ಹೊಳೆಯುತ್ತದೆ ನೋಡಿ. ಬಿದ್ದ ನೀರನ್ನು ಪಂಪಿನಿಂದ ಮತ್ತೆ ಮೇಲೆತ್ತಿ, ಜೋಗವನ್ನು ವರ್ಷವಿಡೀ ಧುಮುಕಿಸುವ ಯೋಜನೆಯೊಂದು ಕೆಲವು ವರ್ಷಗಳ ಹಿಂದೆ ಚರ್ಚೆಗೆ ಬಂದಿತ್ತು. ನದಿಗೆ ಅದರ ಪಾಲು ಕೊಡುವುದಕ್ಕಿಂತ ನದಿಯ ನಾಟಕ ಆಡಿಸುವುದು ನಮಗೆ ಸುಲಭ ಕಾಣುತ್ತದೆ. ಆಲಮಟ್ಟಿ ಅಣೆಕಟ್ಟಿನ ಬಳಿ ಸಂಗೀತ ಕಾರಂಜಿ ಕುಣಿಯುತ್ತದಲ್ಲ, ಅದರ ದೊಡ್ಡಣ್ಣ. ಆಲಮಟ್ಟಿಯನ್ನು ಹೀಗಳೆಯುತ್ತಿಲ್ಲ. ಇಡೀ ವಿಜಯಪುರ ಜಿಲ್ಲೆಗೆ ಜಲಪಾತ ಎಂದು ಇರುವುದು ಅದೊಂದೇ! ಶ್ರಾವಣದ ಹೊತ್ತಿಗೆ 26 ಗೇಟುಗಳಲ್ಲಿ ಕೆಲವಾದರೂ ತೆರೆದವೆಂದರೆ ಮುದ್ದೇಬಿಹಾಳ, ಬಾಗೇವಾಡಿ, ಸಿಂದಗಿ ಕಡೆಯಿಂದ ಜನ ಬುತ್ತಿ ಕಟ್ಟಿಕೊಂಡು ಟೆಂಪೊ, ಟ್ರ್ಯಾಕ್ಟರ್ ಏರಿ ಬರುತ್ತಾರೆ. ಬಂದು ಮಾಡುವುದೇನು? ಸುಮ್ಮನೆ ನಿಂತು ನೋಡುತ್ತಾರೆ. ಆಗ ಯಾರ ಬಾಯಲ್ಲೂ 'ಹಾಳಾಗಿ ಹೊಂಟಾವ' ಇರುವುದಿಲ್ಲ. ಕೆಲವರು ಕೈ ಮುಗಿಯುತ್ತಾರೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿ, ತುಂತುರು ಬೀಳುವಲ್ಲಿ ಕೂತು ಉಣ್ಣುತ್ತಾರೆ. ಬಾಯಾರಿದ ಸೀಮೆಯವರಿಗೆ ನೋಡುವ ನೀರು ಬೇಡ ಎಂದವರು ಅಲ್ಲಿಗೆ ಒಮ್ಮೆ ಹೋಗಬೇಕು.

ಅಮೆರಿಕದವರನ್ನು ತಲೆಯ ಮೇಲೆ ಹೊತ್ತು ಮೆರೆಸುವ ಆಸೆ ನನಗಿಲ್ಲ. ಆ ಜಲಪಾತ ಸ್ನೊಕ್ವಾಲ್ಮಿ ಜನರ ಕೈತಪ್ಪಿದ್ದು 1855ರ ಒಪ್ಪಂದದ ತರುವಾಯ. ಬಂಡೆ ಕೊರೆಯುವಾಗ ಅವರನ್ನು ಕೇಳಿದವರಿಲ್ಲ. 1953ರಲ್ಲಿ ಅವರಿಗೆ ಒಂದು ಬುಡಕಟ್ಟು ಎಂಬ ಸರ್ಕಾರಿ ಮಾನ್ಯತೆಯೂ ಹೋಯಿತು, ಮರಳಿ ಸಿಕ್ಕಿದ್ದು 1999ರಲ್ಲಿ. ಜಲಪಾತದ ನೆತ್ತಿಯ ಹೋಟೆಲನ್ನೂ ಸುತ್ತಲಿನ ಜಾಗವನ್ನೂ 2019ರಲ್ಲಿ ಅವರು ದುಡ್ಡು ಕೊಟ್ಟು ಕೊಂಡುಕೊಂಡರು. ತಮ್ಮ ದೇವರ ಜಾಗವನ್ನು ತಾವೇ ಖರೀದಿಸಿದ ಹಾಗೆ. ಅವರು ಕೋರ್ಟಿನಲ್ಲಿ ಕೇಳಿದ್ದು ಬರೀ 1000 ಕ್ಯೂಸೆಕ್ ಅಲ್ಲ, ವಿದ್ಯುದಾಗಾರವೇ ತೊಲಗಲಿ ಎಂದು. ಸಿಕ್ಕಿದ್ದು ಎರಡು ತಿಂಗಳ ಮಂಜು. ಇದನ್ನು ನ್ಯಾಯ ಎನ್ನಲು ನನಗೆ ನಾಲಗೆ ಹೊರಳದು. ಶರಾವತಿಯಲ್ಲಿ ಮುಳುಗಿದವರನ್ನೂ, ಆಲಮಟ್ಟಿಯ ಹಿನ್ನೀರಿಗೆ ಮನೆಮಾರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದವರನ್ನೂ ಬಲ್ಲ ನಮಗೆ ಈ ಕತೆ ಹೊಸದೂ ಅಲ್ಲ. ಅವರಿಂದ ಕಲಿಯುವಂಥದ್ದು ಒಂದೇ: ತಕರಾರು ತೆಗೆಯಲು ಅಲ್ಲಿ ಒಂದು ಜಾಗವಿತ್ತು, ಪರವಾನಗಿ ಹೊಸದಾಗುವ ಒಂದು ದಿನವಿತ್ತು, ಕೊನೆಗೆ ಬರೆದಿಡಲು ಒಂದು ಅಂಕಿ ಇತ್ತು.

ಆ ಕಾಲುದಾರಿಯ ಬಗ್ಗೆಯೂ ಒಂದು ಮಾತು. ಅಲ್ಲಿ ಕೊಳವೆಯನ್ನೂ ಜಲಪಾತವನ್ನೂ ಒಂದೇ ದಾರಿಯಲ್ಲಿ ಕಂಡೆವು. ನೀರಿನ ಎಷ್ಟನ್ನು ನಾವು ಒಯ್ದಿದ್ದೇವೆ, ಎಷ್ಟನ್ನು ಬಿಟ್ಟಿದ್ದೇವೆ ಎಂಬುದು ಚಿಕ್ಕ ಹುಡುಗನ ಕಣ್ಣಿಗೂ ಬಿತ್ತು, ಪ್ರಶ್ನೆಯೂ ಬಂತು. ನಮ್ಮಲ್ಲಿ ಜಲಪಾತ ಒಂದು ಕಡೆ, ವಿದ್ಯುದಾಗಾರ 'ಪ್ರವೇಶ ನಿಷೇಧಿಸಲಾಗಿದೆ' ಎಂಬ ಫಲಕದ ಆಚೆ. ಜೋಗ ನೋಡಿದವನಿಗೆ ಕೊಳವೆ ಕಾಣದು, ಬಲ್ಬು ಉರಿಸುವವನಿಗೆ ಜೋಗ ಕಾಣದು. ಇನ್ನು ಮಲೆನಾಡಿನ ಸಣ್ಣ ಜಲಪಾತಗಳಲ್ಲಿ ದಾರಿಯೆಂಬುದೇ ಇರುವುದಿಲ್ಲ. ಮಳೆಗಾಲದಲ್ಲಿ ಯಾರೋ ಹುಡುಗ ಪಾಚಿಗಲ್ಲಿನ ಮೇಲೆ ಜಾರಿ ಬೀಳುತ್ತಾನೆ, ಮರುದಿನ ಇಡೀ ಜಾಗಕ್ಕೆ ನಿಷೇಧ, ನಾಲ್ಕು ತಿಂಗಳಾದ ಮೇಲೆ ಯಥಾಪ್ರಕಾರ. ಕಟಕಟೆ, ಮೆಟ್ಟಿಲು, ನಿಲ್ಲುವ ಜಾಗ, ಇಷ್ಟು ಮಾಡಿಸುವುದಕ್ಕೆ ಅಣೆಕಟ್ಟಿನ ಖರ್ಚು ಬೀಳುವುದಿಲ್ಲ. ಆದರೆ ನೀರನ್ನು ನಿಂತು ನೋಡುವುದೂ ಜನರ ಹಕ್ಕಿನ ಬಾಬತ್ತು ಎಂದು ಒಪ್ಪಿದವರು ಮಾತ್ರ ಅದನ್ನು ಮಾಡಿಸಿಯಾರು.

ಮತ್ತೆ ನಮ್ಮ ಭೀಮೆಗೆ ಬರುತ್ತೇನೆ. ಚಡಚಣದಲ್ಲಿ ಜಲಪಾತವಿಲ್ಲ, ಹೊಳೆ ಇದೆ. ಹೊಳೆಗೆ ಬೇಕಾದದ್ದು ಹರಿವು. ಬಂಧಾರದಿಂದ ಬಂಧಾರಕ್ಕೆ ನಿಂತ ನೀರು, ನಡುವೆ ಮರಳು ಎತ್ತಿದ ಗುಂಡಿಗಳು, ಇಷ್ಟನ್ನೇ ನದಿ ಎಂದು ನಮ್ಮ ಮೊಮ್ಮಕ್ಕಳು ತಿಳಿಯುತ್ತಿದ್ದಾರೆ. ಅಣೆಕಟ್ಟು ತುಂಬಿದಾಗ ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸುತ್ತಾರೆ. ನಿಂತ ನೀರಿಗೆ ಬಾಗಿನವುಂಟು, ಹರಿಯುವ ನೀರಿಗೆ ಏನುಂಟು?

ಉಂಟು, ಒಂದು ಉದಾಹರಣೆ ಇದೇ ನದಿಯಲ್ಲೇ ಉಂಟು. ಆಷಾಢ ಏಕಾದಶಿಗೆ ಲಕ್ಷಗಟ್ಟಲೆ ವಾರಕರಿಗಳು ಪಂಢರಪುರಕ್ಕೆ ನಡೆದು ಬರುತ್ತಾರೆ, ನಮ್ಮ ಕಡೆಯ ಕನ್ನಡದ ದಿಂಡಿಗಳೂ ಹೋಗುತ್ತವೆ. ಅಲ್ಲಿ ಭೀಮೆಗೆ ಚಂದ್ರಭಾಗೆ ಎಂದು ಹೆಸರು. ಮಳೆ ತಡವಾಗಿ ಹೊಳೆ ಬತ್ತಿದ್ದರೆ ಯಾತ್ರಿಕರ ಸ್ನಾನಕ್ಕೆಂದು ಉಜನಿಯಿಂದ ನೀರು ಬಿಡುತ್ತಾರೆ. ಆ ನೀರಿನಿಂದ ಕಬ್ಬು ಬೆಳೆಯುವುದಿಲ್ಲ, ಗಿರಣಿ ತಿರುಗುವುದಿಲ್ಲ. ಅದನ್ನು ಯಾರೂ ಹಾಳು ಎಂದಿಲ್ಲ. ಅಂದರೆ ಉಪಯೋಗದ ಆಚೆಗೂ ನೀರಿಗೆ ಕೆಲಸವಿದೆ ಎಂಬುದು ಭೀಮಾತೀರದವರಿಗೆ ಯಾರೂ ಕಲಿಸಬೇಕಾದ ಸಂಗತಿಯಲ್ಲ. ಸ್ನೊಕ್ವಾಲ್ಮಿಯ ಮಂಜಿಗೂ ಚಂದ್ರಭಾಗೆಯ ಮುಳುಗಿಗೂ ನಡುವೆ ನನಗೆ ಹೆಚ್ಚು ಅಂತರ ಕಾಣುವುದಿಲ್ಲ. ಊರಿಗೆ ಬಂದ ಮೇಲೆ ಹೆಂಡತಿಗೆ ಇದನ್ನು ಹೇಳಿದೆ. ಪಂಢರಪುರದ ಈ ಪಾದಯಾತ್ರೆಗೆ, ವಾರಿಗೆ, ಮೂರು ಸಲ ನಡೆದು ಹೋದವಳು ಅವಳು. ತುಸು ಹೊತ್ತು ಸುಮ್ಮನಿದ್ದು, 'ಹಂಗಂದ್ರ ಅದು ಹಾಳಾಗಿ ಹೊಂಟಿದ್ದಿಲ್ಲ ಬಿಡ್ರಿ' ಎಂದಳು.

ಕಾನೂನಿನ ಕಾಗದದಲ್ಲೂ ಒಂದು ಬೀಜ ಬಿದ್ದಿದೆ. ಕೃಷ್ಣಾ ಕೊಳ್ಳದ ನೀರು ಹಂಚಿದ ಎರಡನೇ ನ್ಯಾಯಮಂಡಳಿ, ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅವರ ನೇತೃತ್ವದ್ದು, 2010ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪಿನಲ್ಲಿ ನದಿಯ ಕನಿಷ್ಠ ಹರಿವಿಗೆಂದೇ ನೀರನ್ನು ಬೇರೆಯಾಗಿ ತೆಗೆದಿಟ್ಟಿತು. ಕರ್ನಾಟಕದ ಪಾಲಿನಲ್ಲಿ ಅದಕ್ಕೆ 7 ಟಿಎಂಸಿ. ತೀರ್ಪು ಸುಪ್ರೀಂ ಕೋರ್ಟಿನಲ್ಲಿ ಸಿಕ್ಕಿಕೊಂಡು ಇನ್ನೂ ಗೆಜೆಟ್ ಮುಖ ಕಂಡಿಲ್ಲ. ಆ ತೀರ್ಪಿನಂತೆ ಆಲಮಟ್ಟಿಯ ಎತ್ತರ 519.6 ಮೀಟರಿನಿಂದ 524.256ಕ್ಕೆ ಏರಬೇಕು ಎಂಬುದು ನಮ್ಮ ಜಿಲ್ಲೆಯ ಚಹಾದಂಗಡಿಗಳಲ್ಲೂ ಬಾಯಿಪಾಠ. ಅದು ಏರಲಿ, ನಮ್ಮ ಹೊಲಗಳಿಗೆ ನೀರು ಬರಲಿ. ಆದರೆ ಅದೇ ತೀರ್ಪಿನ ಈ ಏಳು ಟಿಎಂಸಿಯನ್ನು ಒಂದು ಸಭೆಯಲ್ಲೂ ಯಾರೂ ಎತ್ತಿದ್ದು ನಾನು ಕೇಳಿಲ್ಲ. ಮುಂದಿನ ಸಲ ಮತ ಕೇಳಲು ಬಾಗಿಲಿಗೆ ಬಂದವರನ್ನು ಆಲಮಟ್ಟಿಯ ಬಗ್ಗೆ ಕೇಳಿಯೇ ಕೇಳುತ್ತೀರಿ. ಜೊತೆಗೆ ಈ ಏಳರ ಬಗ್ಗೆಯೂ ಒಂದು ಮಾತು ಕೇಳಿ.